ಕೊಂಡ ಯಂತ್ರ, ಕೂಡಿಸಿದ ಯಂತ್ರ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಬೆಂಗಳೂರಿನ ಪಶ್ಚಿಮ ಭಾಗದ ಹಿರಿಯರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸಿ.ಐ.ಟಿ.ಬಿ.ಯಿಂದಲೋ, 1976ರಲ್ಲಿ ಅದರ ಸ್ಥಾನಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದಿಂದಲೋ ನಿವೇಶನ ಪಡೆದು, ಇಟ್ಟಿಗೆಯನ್ನು ಒಂದು ಕಡೆ, ಮರಳನ್ನು ಇನ್ನೊಂದು ಕಡೆ, ಕಿಟಕಿ ಬಾಗಿಲುಗಳನ್ನು ಮತ್ತೊಂದು ಕಡೆ ಗೊತ್ತುಮಾಡಿ, ಮೇಸ್ತ್ರಿಯ ಹಿಂದೆ ಮುಂದೆ ತಿರುಗಿ ಮನೆ ಎಬ್ಬಿಸಿದವರು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಬೀದಿಬೀದಿಯಲ್ಲಿಯೂ ಇದ್ದಾರೆ. ಅವರ ಮಕ್ಕಳು ಕಟ್ಟಿ ಮುಗಿದ ಫ್ಲ್ಯಾಟನ್ನು ಕೊಂಡು ಬೀಗದ ಕೈ ಇಸಿದುಕೊಂಡವರು. ಎರಡೂ ಮನೆಗಳಲ್ಲಿ ನಿದ್ರೆ ಒಂದೇ ಸಮನಾಗಿ ಬರುತ್ತದೆ. ಆದರೆ ಗೋಡೆಯೊಳಗೆ ನೀರು ಜಿನುಗಿದ ದಿನ ತಂದೆಗೆ ಕೊಳವೆ ಯಾವ ಮೂಲೆಯಲ್ಲಿ ತಿರುಗಿದೆ ಎಂಬುದು ತಿಳಿದಿರುತ್ತದೆ. ಮಗ ದೂರವಾಣಿಯಲ್ಲಿ ಯಾರನ್ನೋ ಕರೆಯುತ್ತಾನೆ. ಕರೆದರೆ ಬರುವವರು ಇದ್ದಾರೆಂಬುದೂ ಒಂದು ಸೌಕರ್ಯವೇ ಎಂಬುದನ್ನು ತಂದೆಯಾದವನು ಸುಲಭವಾಗಿ ಒಪ್ಪುವುದಿಲ್ಲ, ಅಷ್ಟೆ.

ಇದೇ ತಂಟೆ ಗಣಕಯಂತ್ರದ ವಿಷಯದಲ್ಲಿಯೂ ಬಹುಕಾಲದಿಂದ ಇದೆ. ಕಂಪೆನಿಯ ಹೆಸರು ಹೊತ್ತು, ಮುಚ್ಚಿದ ಪೆಟ್ಟಿಗೆಯಲ್ಲಿ ಬರುವ ಸಿದ್ಧಯಂತ್ರವನ್ನು ಕೊಳ್ಳಬೇಕೆ, ಇಲ್ಲವೆ ಬಿಡಿಭಾಗಗಳನ್ನು ತಂದು ತಾವೇ ಕೂಡಿಸಿಕೊಳ್ಳಬೇಕೆ ಎಂಬುದು ಆ ತಂಟೆ. ಬಸವೇಶ್ವರನಗರದಲ್ಲಿ ನೆಲೆಸಿರುವ ಒಬ್ಬ ನಿವೃತ್ತ ವಿಜ್ಞಾನದ ಅಧ್ಯಾಪಕರ ಬಾಳಿನಲ್ಲಿ ಈ ಪ್ರಶ್ನೆ ಎರಡು ಬಾರಿ ಎದುರಾಯಿತು. ಮೊದಲ ಸಲ ಅದು ಅವರ ಮನೆಯ ಪ್ರಶ್ನೆ. ಎರಡನೆಯ ಸಲ ಶಾಲೆಯ ಪ್ರಶ್ನೆ. ಕೈಯಲ್ಲಿದ್ದುದು ಪರರ ಹಣ.

ವಿದ್ಯಾರ್ಥಿದೆಸೆಯಲ್ಲಿಯೇ ಟ್ರಾನ್ಸಿಸ್ಟರ್ ರೇಡಿಯೋ ಕೂಡಿಸಿದ ಕೈ ಅವರದು. ಪ್ಲೈವುಡ್ಡಿನ ಹಲಗೆಯ ಮೇಲೆ ಬೆಸುಗೆ ಹಾಕಿ, ಮೂರು ದಿನ ಮೂಕವಾಗಿದ್ದ ಆ ಸಲಕರಣೆ ನಾಲ್ಕನೆಯ ಸಂಜೆ ಆಕಾಶವಾಣಿಯ ಪ್ರದೇಶ ಸಮಾಚಾರವನ್ನು ನುಡಿದಾಗ ಮನೆಮಂದಿಯೆಲ್ಲ ಅದರ ಸುತ್ತ ಕುಳಿತಿದ್ದರಂತೆ. ಆದುದರಿಂದ 1999ರಲ್ಲಿ ಮನೆಗೊಂದು ಗಣಕ ಬೇಕೆಂದಾಗ ಅವರು ಕಂಪೆನಿಯ ಮಳಿಗೆಗೆ ಹೋಗಲಿಲ್ಲ. ಬಸ್ಸು ಹತ್ತಿ ಮಾರ್ಕೆಟ್ಟಿನಲ್ಲಿಳಿದು, ಪುರಭವನದಿಂದ ಕಾಲ್ನಡಿಗೆಯ ದೂರದಲ್ಲಿರುವ ಸದರ್ ಪತ್ರಪ್ಪ ರಸ್ತೆಯನ್ನು ಹೊಕ್ಕರು.

ಎಸ್.ಪಿ. ರೋಡೆಂದು ಎಲ್ಲರ ಬಾಯಲ್ಲಿರುವ ಆ ಬೀದಿಯನ್ನು ಕಾಣದವರಿಗೆ ವರ್ಣಿಸುವುದು ಕಷ್ಟ. ಮೋಟಾರು, ಪಂಪು, ವೈರು, ಸ್ವಿಚ್ಚು, ರೇಡಿಯೋ ಭಾಗಗಳ ಅಂಗಡಿಗಳ ನಡುವೆ ಗಣಕದ ಅಂಗಡಿಗಳು ತೂರಿಕೊಂಡು ಬೆಳೆದುವು. ಮಂಚದಷ್ಟು ಅಗಲದ ಮಳಿಗೆ, ಮೇಲೊಂದು ಅಟ್ಟ, ಏಣಿಯ ಮೆಟ್ಟಿಲ ಮೇಲೆಯೂ ರಟ್ಟಿನ ಪೆಟ್ಟಿಗೆಗಳು. ಕೈಗಾಡಿಯವರು ದಾರಿ ಬಿಡಿರೆಂದು ಕೂಗುತ್ತಿರುವಾಗಲೇ ಒಬ್ಬ ಹುಡುಗ ಗಲ್ಲದ ಮೇಲೆ ಕಾಗದವಿಟ್ಟು ಪಟ್ಟಿ ಬರೆಯುತ್ತಾನೆ: ಮದರ್‌ಬೋರ್ಡ್, ಪ್ರೊಸೆಸರ್, ರ‍್ಯಾಮ್, ಹಾರ್ಡ್‌ಡಿಸ್ಕ್, ಕ್ಯಾಬಿನೆಟ್, ಮಾನಿಟರ್. ಪಕ್ಕದ ಅಂಗಡಿಯಲ್ಲಿ ಇದೇ ಪಟ್ಟಿಗೆ ನೂರೈವತ್ತು ಕಡಿಮೆ ಹೇಳುತ್ತಾರೆ. ಗಿರಾಕಿ ತನಗೆ ಎಲ್ಲವೂ ಗೊತ್ತೆಂಬಂತೆ ತಲೆಯಾಡಿಸುತ್ತಾನೆ. ಅವನಿಗೆ ಎಷ್ಟು ಗೊತ್ತೆಂಬುದು ಅಂಗಡಿಯವನಿಗೆ ಚೆನ್ನಾಗಿ ಗೊತ್ತು.

ಅಂಗಡಿಯ ಹುಡುಗನೇ ಅರ್ಧ ಗಂಟೆಯಲ್ಲಿ ಕೂಡಿಸಿ ಕೊಡುವುದು ವಾಡಿಕೆ. ಅಧ್ಯಾಪಕರು ಬೇಡವೆಂದು ಭಾಗಗಳನ್ನೆಲ್ಲ ಚೀಲಕ್ಕೆ ಹಾಕಿಸಿಕೊಂಡು ಆಟೋದಲ್ಲಿ ಮನೆಗೆ ತಂದರು. ಆ ರಾತ್ರಿ ಊಟದ ಮೇಜೇ ಕಾರ್ಯಾಗಾರವಾಯಿತು. ಆಗಿನ ಯಂತ್ರಗಳಲ್ಲಿ ತಪ್ಪುವುದಕ್ಕೆ ಅವಕಾಶ ಬಹಳವಿತ್ತು. ಪ್ರೊಸೆಸರಿನ ವೇಗವನ್ನು ಫಲಕದ ಮೇಲಿನ ಸಣ್ಣ ಜಂಪರುಗಳನ್ನು ಇತ್ತಿಂದತ್ತ ಸರಿಸಿ ಗೊತ್ತುಪಡಿಸಬೇಕಾಗಿತ್ತು. ಹಾರ್ಡ್‌ಡಿಸ್ಕಿಗೆ ಹೋಗುವ ಚಪ್ಪಟೆ ಕೇಬಲ್ಲಿನ ಅಂಚಿನ ಕೆಂಪು ಗೆರೆ ಒಂದನೆಯ ಪಿನ್ನಿನ ಕಡೆಗೇ ಇರಬೇಕು. ಫ್ಲಾಪಿಯ ಕೇಬಲ್ಲನ್ನು ತಿರುಗುಮುರುಗಾಗಿ ಸಿಕ್ಕಿಸಿದರೆ ಅದರ ಪುಟ್ಟ ದೀಪ ಆರದೆ ಉರಿಯುತ್ತಲೇ ಇರುತ್ತದೆ. ಅಧ್ಯಾಪಕರ ಮನೆಯಲ್ಲಿ ಆ ದೀಪ ಆರಲಿಲ್ಲ. ಅದು ಕೆಟ್ಟುಹೋದ ಸರಕೆಂದು ನಿಶ್ಚಯಿಸಿ ಮರುದಿನ ಮತ್ತೆ ಬಸ್ಸು ಹತ್ತಿ ಅಂಗಡಿಗೆ ಹೋದರು. ಹುಡುಗ ನಗದೆ, ಒಂದು ಮಾತನ್ನೂ ಆಡದೆ, ಕೇಬಲ್ಲನ್ನು ತಿರುಗಿಸಿ ತೋರಿಸಿದನು. ಮೂವತ್ತು ವರ್ಷ ಕಲಿಸಿದವರಿಗೆ ಅಂಥ ಮೌನದ ಪಾಠ ಮತ್ತೆಲ್ಲಿಯೂ ದೊರೆಯಲಿಲ್ಲವೆಂದು ಅವರೇ ಹೇಳಿಕೊಳ್ಳುತ್ತಿದ್ದರು. ಕೊನೆಗೆ ಯಂತ್ರ ಒಮ್ಮೆ 'ಬೀಪ್' ಎಂದಿತು. 1998ರಲ್ಲಿ ಬಂದಿದ್ದ 'ಬರಹ' ತಂತ್ರಾಂಶವನ್ನು ಅದಕ್ಕೆ ಹಾಕಿ, ತೆರೆಯ ಮೇಲೆ ಮೊದಲು ಮೂಡಿಸಿದುದು ಮನೆಯ ವಿಳಾಸವನ್ನು.

ಸಾಮಾನ್ಯ ಮನುಷ್ಯನೊಬ್ಬ ಊಟದ ಮೇಜಿನ ಮೇಲೆ ಗಣಕ ಕೂಡಿಸಬಲ್ಲನೆಂಬುದು ತನ್ನಷ್ಟಕ್ಕೆ ತಾನೇ ಒದಗಿದ ಭಾಗ್ಯವಲ್ಲ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು 1960ರಲ್ಲಿ ನಡೆಯುವ ಸ್ಥಿತಿಗೆ ತಂದ 'ಟಿಫ್ರ‍್ಯಾಕ್' ಯಂತ್ರ ಒಂದು ಕೊಠಡಿಯನ್ನೇ ತುಂಬಿತ್ತು. ಅದನ್ನು ಕಟ್ಟಿದವರು ವಿದ್ವಾಂಸರು. 1975ರ ಜನವರಿಯಲ್ಲಿ ಅಮೆರಿಕದ ಪತ್ರಿಕೆಯೊಂದರ ಮುಖಪುಟದಲ್ಲಿ 'ಆಲ್ಟೇರ್ 8800' ಎಂಬ ಗಣಕ ಕಾಣಿಸಿಕೊಂಡಿತು. ಸುಮಾರು 400 ಡಾಲರಿಗೆ ಅದರ ಭಾಗಗಳ ಕಟ್ಟು ಅಂಚೆಯಲ್ಲಿ ಬರುತ್ತಿತ್ತು. ಬೆಸುಗೆ ಹಾಕಿಕೊಳ್ಳುವುದು ಕೊಂಡವನ ಪಾಡು. ಆದರೆ ನಿಜವಾದ ಬಾಗಿಲು ತೆರೆದುದು 1981ರ ಆಗಸ್ಟಿನಲ್ಲಿ. ಐ.ಬಿ.ಎಂ. ಕಂಪೆನಿ ಅವಸರದಲ್ಲಿ ತನ್ನ ಪಿ.ಸಿ.ಯನ್ನು ಹೊರತಂದಾಗ ಪೇಟೆಯಲ್ಲಿ ಸಿಕ್ಕುವ ಭಾಗಗಳನ್ನೇ ಬಳಸಿತು, ಮಂಡಲಗಳ ನಕ್ಷೆಯನ್ನೂ ಪುಸ್ತಕವಾಗಿ ಅಚ್ಚುಹಾಕಿಸಿತು. ಬೇರೆಯವರು ಅದಕ್ಕೆ ಹೊಂದುವ ಯಂತ್ರಗಳನ್ನೂ, ಯಂತ್ರದ ಅಂಗಗಳನ್ನೂ ಮಾಡತೊಡಗಿದರು. ಒಬ್ಬರ ಫಲಕಕ್ಕೆ ಇನ್ನೊಬ್ಬರ ಪೆಟ್ಟಿಗೆ ಹೊಂದುವಂತೆ 1995ರಲ್ಲಿ ಇಂಟೆಲ್ ಗೊತ್ತುಪಡಿಸಿದ ಎ.ಟಿ.ಎಕ್ಸ್. ಅಳತೆಯ ರಂಧ್ರಗಳೇ ಇಂದಿಗೂ ನಡೆಯುತ್ತಿವೆ. ಎಸ್.ಪಿ. ರೋಡಿನ ಸಂತೆ ನಿಂತಿರುವುದು ಈ ರಂಧ್ರಗಳ ಮೇಲೆ ಎಂದರೆ ಅತಿಶಯವಲ್ಲ.

ನಮ್ಮ ದೇಶದಲ್ಲಿ 1984ರ ನವೆಂಬರಿನ ಗಣಕ ನೀತಿ ಆಮದಿನ ಬಿಗಿಯನ್ನು ಸಡಿಲಿಸಿತು. ಹೊರಗಿನಿಂದ ಭಾಗಗಳನ್ನು ತರಿಸಿ ಇಲ್ಲಿ ಕೂಡಿಸುವವರು ಹೆಚ್ಚಿದರು. 'ಸ್ಕ್ರೂಡ್ರೈವರ್ ತಂತ್ರಜ್ಞಾನ' ಎಂಬ ಹೀಯಾಳಿಕೆಯೂ ಆಗ ಹುಟ್ಟಿತು. ಆ ಹೀಯಾಳಿಕೆಯಲ್ಲಿ ನ್ಯಾಯವಿಲ್ಲದೆ ಇಲ್ಲ. ತಿರುಪು ಬಿಗಿದವನು ಗಣಕವನ್ನು ನಿರ್ಮಿಸಿದನೆನ್ನುವುದು ಹೋಳಿಗೆ ಬಡಿಸಿದವನೇ ಅಡುಗೆ ಮಾಡಿದನೆಂದ ಹಾಗೆ. ಆದರೆ ತಿರುಪನ್ನೂ ಮುಟ್ಟದವನಿಗೆ ಅಡುಗೆಮನೆ ಯಾವ ದಿಕ್ಕಿಗಿದೆ ಎಂಬುದೂ ತಿಳಿಯುವುದಿಲ್ಲವಲ್ಲ!

ಆ ತಿಳಿಯದಿರುವಿಕೆ ಎಂಥದೆಂಬುದನ್ನು ಅಧ್ಯಾಪಕರು ತಾವು ಪಾಠ ಹೇಳಿದ ಪ್ರೌಢಶಾಲೆಯಲ್ಲಿಯೇ ಕಂಡರು. ಈ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿ ಒಂದು ಗಣಕ ಕೊಠಡಿ ಆಯಿತು. ಹೊರಗಿನ ಸಂಸ್ಥೆಯೊಂದು ಯಂತ್ರಗಳನ್ನಿಟ್ಟು, ತನ್ನ ಬೋಧಕನನ್ನೂ ಕಳಿಸಿ, ತಲೆಗಿಷ್ಟೆಂದು ಶುಲ್ಕ ಎತ್ತುವ ಏರ್ಪಾಡು. ಪ್ರತಿಯೊಂದು ಪೆಟ್ಟಿಗೆಯ ಹಿಂದೆಯೂ ಒಂದು ಚೀಟಿ: ತೆರೆದರೆ ಖಾತರಿ ರದ್ದು. ಹಾಗಾಗಿ ಯಾರೂ ತೆರೆಯಲಿಲ್ಲ. ಐದು ವರ್ಷದ ಕರಾರು ಮುಗಿದು ಸಂಸ್ಥೆಯವರು ಹೊರಟುಹೋದ ಮೇಲೆ ಅರ್ಧಕ್ಕರ್ಧ ಯಂತ್ರಗಳು ನಿಂತುಹೋದುವು. ಕೊಠಡಿಗೆ ಬೀಗ ಬಿತ್ತು. ಅಧ್ಯಾಪಕರು ನಿವೃತ್ತಿಗೆ ಮುಂಚೆ ಒಂದು ರಜಾದಿನ ಆ ಬೀಗ ತೆಗೆಸಿ ಪೆಟ್ಟಿಗೆಗಳನ್ನು ಬಿಚ್ಚಿ ನೋಡಿದಾಗ, ಹಲವು ಯಂತ್ರಗಳಿಗೆ ಇದ್ದ ರೋಗ ಧೂಳು ಮಾತ್ರ. ಕೆಲವಕ್ಕೆ ಗುಂಡಿಯಾಕಾರದ ಬ್ಯಾಟರಿ ತೀರಿತ್ತು. ಅದರ ಬೆಲೆ ಒಂದು ಮಸಾಲೆ ದೋಸೆಯದಕ್ಕಿಂತ ಕಡಿಮೆ. ಆ ನಾಣ್ಯದಷ್ಟು ವಸ್ತುವಿನ ಹೆಸರು ಗೊತ್ತಿಲ್ಲದ ಕಾರಣಕ್ಕೆ ಎರಡು ತಂಡದ ಮಕ್ಕಳು ಗಣಕವನ್ನು ಮುಟ್ಟದೆ ಎಸ್.ಎಸ್.ಎಲ್.ಸಿ. ಮುಗಿಸಿ ಹೋಗಿದ್ದರು. ಯಾರನ್ನೂ ದೂರುವ ಹಾಗಿರಲಿಲ್ಲ, ಅವರು ತಮ್ಮನ್ನೂ ಬಿಟ್ಟುಕೊಳ್ಳಲಿಲ್ಲ. ಮನೆಯಲ್ಲಿ ತಾವೇ ಯಂತ್ರ ಕೂಡಿಸಿಕೊಂಡವರು ಶಾಲೆಯ ಚೀಟಿಗೆ ಹೆದರಿದ್ದರಷ್ಟೆ.

ಇದಕ್ಕೆ ವಿರುದ್ಧವಾದ ಮಾರ್ಗ ನೆರೆಯಲ್ಲಿಯೇ ಇತ್ತು. ಕೇರಳ ಸರ್ಕಾರ 2001ರಲ್ಲಿ ಆರಂಭಿಸಿದ 'ಐ.ಟಿ. ಅಟ್ ಸ್ಕೂಲ್' ಯೋಜನೆಯಲ್ಲಿ ಗಣಕವನ್ನು ಕಲಿಸುವವರು ಶಾಲೆಯ ಅಧ್ಯಾಪಕರೇ. ಮುಕ್ತ ತಂತ್ರಾಂಶವಾದ ಲಿನಕ್ಸನ್ನು ಅವರೇ ಹಾಕಿಕೊಂಡರು. ಕೆಟ್ಟುನಿಂತ ಯಂತ್ರಗಳನ್ನು ಒಂದೆಡೆ ತಂದು ಅಧ್ಯಾಪಕರೂ ಮಕ್ಕಳೂ ಸೇರಿ ಬಿಚ್ಚಿ ಸರಿಪಡಿಸುವ 'ಹಾರ್ಡ್‌ವೇರ್ ಕ್ಲಿನಿಕ್' ಎಂಬ ಶಿಬಿರಗಳನ್ನು ನಡೆಸಿದರು. ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳೂ ಆ ವ್ಯವಸ್ಥೆಯೊಳಗಿನವೇ. ಅಲ್ಲಿಯ ಮಕ್ಕಳಿಗೆ ಗಣಕದ ಪಠ್ಯ ಕನ್ನಡದಲ್ಲಿಯೇ ಇದೆ. ಗಣಕನಗರಿಯೆಂದು ಹೆಸರಾದ ಬೆಂಗಳೂರಿನ ಒಂದು ಶಾಲೆ ಬೀಗ ಹಾಕಿಕೊಂಡು ಕುಳಿತಿದ್ದಾಗ ಗಡಿಯಾಚೆಯ ಕನ್ನಡದ ಮಕ್ಕಳು ಪೆಟ್ಟಿಗೆ ಬಿಚ್ಚುತ್ತಿದ್ದರೆಂಬುದು ಅಧ್ಯಾಪಕರ ಮನಸ್ಸಿನಲ್ಲಿ ಬಹಳ ದಿನ ಉಳಿಯಿತು.

ಎರಡನೆಯ ಸಲ ಪ್ರಶ್ನೆ ಎದ್ದುದು 2025ರಲ್ಲಿ. ಶಾಲೆಯಲ್ಲಿ ಆ ಹೊತ್ತಿಗೆ ದಾನವಾಗಿ ಬಂದಿದ್ದ ಹನ್ನೆರಡು ಹಳೆಯ ಯಂತ್ರಗಳಿದ್ದುವು. ಆ ವರ್ಷದ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ರಕ್ಷಣೆಯನ್ನು ಮೈಕ್ರೋಸಾಫ್ಟ್ ನಿಲ್ಲಿಸುವುದೆಂದು ಗೊತ್ತಾಗಿತ್ತು. ವಿಂಡೋಸ್ 11 ಆ ಮುದಿ ಯಂತ್ರಗಳನ್ನು ಒಪ್ಪುವಂತಿರಲಿಲ್ಲ. ಹಳೆಯ ವಿದ್ಯಾರ್ಥಿಯೊಬ್ಬರು ಹತ್ತು ಹೊಸ ಗಣಕಗಳನ್ನು ಕೊಡಿಸಲು ಮುಂದೆ ಬಂದರು. ಕಾಮಾಕ್ಷಿಪಾಳ್ಯದಲ್ಲಿ ಒಂದು ಲೇತಿನಿಂದ ಆರಂಭಿಸಿ ದೊಡ್ಡ ಕಾರ್ಖಾನೆ ಮಾಡಿಕೊಂಡವರು ಅವರು. ನಿವೃತ್ತ ಗುರುಗಳ ಸಲಹೆ ಕೇಳಿ ಎಂದು ಆಡಳಿತ ಮಂಡಳಿಯವರು ಕಳಿಸಿದರು.

ದಾನಿಗಳು ಆಗಲೇ ಹೆಸರಾಂತ ಕಂಪೆನಿಯ ದರಪಟ್ಟಿ ತರಿಸಿದ್ದರು. ಮೂರು ವರ್ಷದ ಖಾತರಿ. ಕೆಟ್ಟರೆ ಶಾಲೆಗೇ ಬಂದು ರಿಪೇರಿ. ಎಲ್ಲವೂ ಒಂದೇ ಮಾದರಿ. ಲೆಕ್ಕಪರಿಶೋಧಕರಿಗೆ ತೋರಿಸಲು ಒಂದೇ ಬಿಲ್ಲು. ಅಧ್ಯಾಪಕರು, ಬಿಡಿಭಾಗ ತಂದು ಮಕ್ಕಳಿಂದಲೇ ಕೂಡಿಸೋಣವೆಂದರು.

"ಮೇಷ್ಟ್ರೇ, ತಪ್ಪು ತಿಳೀಬೇಡಿ. ನನ್ನ ಶೆಡ್ಡಿನಲ್ಲಿ ನಾನು ದಿನಾ ಕಬ್ಬಿಣ ಕೆತ್ತೋನು. ಆದರೆ ಕೆತ್ತೋ ಮಿಷನ್ನನ್ನ ನಾನು ಮಾಡಿಕೊಳ್ಳಲ್ಲ, ಕೊಂಡು ತರ್ತೀನಿ. ಅದು ನಿಂತರೆ ಒಂದು ಫೋನು ಮಾಡ್ತೀನಿ. ಅದರ ಹೊಟ್ಟೆ ಬಗೆಯೋಕೆ ಕೂತರೆ ನನ್ನ ಆರ್ಡರು ಹೋಯ್ತು" ಎಂದರು ದಾನಿಗಳು.

ಅಧ್ಯಾಪಕರು ಶರಣರ ಮಾತು ತೆಗೆದರು. ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಹೀಗೆ ಹೆಸರಿನಲ್ಲಿಯೇ ಕಾಯಕವನ್ನು ಹೊತ್ತ ಪರಂಪರೆಯ ಶಾಲೆಯಲ್ಲಿ ಮಕ್ಕಳ ಕೈಗೆ ತಿರುಪುಳಿ ಕೊಡಲು ಇಷ್ಟು ಅಳುಕೇಕೆ ಎಂದು ಕೇಳಿದರು.

"ಚಂದಯ್ಯನವರು ಹುಲ್ಲು ಕೊಯ್ದು ಹಗ್ಗ ಹೊಸೆದ್ರು, ದಾಸೋಹ ಮಾಡಿದ್ರು, ನಿಜ. ಹುಲ್ಲು ಕೊಯ್ಯೋ ಕುಡುಗೋಲನ್ನ ಕಮ್ಮಾರನ ಹತ್ತಿರಾನೇ ತಂದಿರಬೇಕಲ್ಲ ಸಾರ್?"

ಈ ಪ್ರಶ್ನೆಗೆ ಅಧ್ಯಾಪಕರಲ್ಲಿ ಕೂಡಲೇ ಉತ್ತರವಿರಲಿಲ್ಲ. ಉತ್ತರವಿಲ್ಲವೆಂದು ಒಪ್ಪಿಕೊಂಡುದು ಅವರ ದೊಡ್ಡತನ. ಎರಡು ದಿನ ಬಿಟ್ಟು ಅವರೇ ದೂರವಾಣಿ ಮಾಡಿ ಹೇಳಿದ ಮಾತಿಷ್ಟು: ಕಾರ್ಖಾನೆಯಲ್ಲಿ ಯಂತ್ರ ಉಪಕರಣ, ಶಾಲೆಯಲ್ಲಿ ಯಂತ್ರವೇ ಪಾಠ. ಕಚೇರಿಯ ಗಣಕ ಮಾತ್ರ ಕುಡುಗೋಲು. ಎಸ್.ಎಸ್.ಎಲ್.ಸಿ. ಮಕ್ಕಳ ವಿವರಗಳನ್ನು ಪರೀಕ್ಷಾ ಮಂಡಳಿಗೆ ಕಳಿಸುವ ಕೊನೆಯ ದಿನ ಗುಮಾಸ್ತರು ಅದರ ಹೊಟ್ಟೆ ಬಗೆಯುತ್ತ ಕೂರಬಾರದು. ಹಾಗೆಂದು ಕಚೇರಿಗೂ ಅಧ್ಯಾಪಕರ ಕೊಠಡಿಗೂ ಸೇರಿ ನಾಲ್ಕು ಸಿದ್ಧಯಂತ್ರಗಳೆಂದೂ, ಪ್ರಯೋಗಾಲಯಕ್ಕೆ ಆರನ್ನು ಮಕ್ಕಳು ಕೂಡಿಸುವುದೆಂದೂ ಗೊತ್ತಾಯಿತು. ದಾನಿಗಳು ಒಪ್ಪಿದುದು ಮನಃಪೂರ್ವಕವಾಗಿಯೋ ಗುರುಗಳ ಮೇಲಿನ ಗೌರವದಿಂದಲೋ ಹೇಳುವುದು ಕಷ್ಟ.

ಕೂಡಿಸುವ ಯಂತ್ರಕ್ಕೆ ಇರುವ ಒಂದು ಕೇಡನ್ನು ಅಧ್ಯಾಪಕರು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕಂಪೆನಿಯ ದರಪಟ್ಟಿಗೆ ಮೂವತ್ತು ದಿನದ ಭರವಸೆ ಇತ್ತು. ಪೇಟೆಯ ಬೆಲೆಗೆ ಒಂದು ದಿನದ ಭರವಸೆಯೂ ಇಲ್ಲ. ಸೆಪ್ಟೆಂಬರಿನಲ್ಲಿ ಅವರು ಬರೆದುಕೊಂಡು ಬಂದ ಪಟ್ಟಿಯನ್ನು ಹಿಡಿದು ಡಿಸೆಂಬರಿನಲ್ಲಿ ಎಸ್.ಪಿ. ರೋಡಿಗೆ ಹೋದಾಗ ರ‍್ಯಾಮ್ ಪಟ್ಟಿಯ ಬೆಲೆ ದುಪ್ಪಟ್ಟನ್ನು ಮೀರಿತ್ತು. ಸ್ಮೃತಿಯ ಬಿಲ್ಲೆಗಳನ್ನು ತಯಾರಿಸುವ ಬೆರಳೆಣಿಕೆಯ ಕಂಪೆನಿಗಳು ಕೃತಕ ಬುದ್ಧಿಮತ್ತೆಯ ದೊಡ್ಡ ಗಣಕಾಗಾರಗಳ ಕಡೆಗೆ ಸರಕನ್ನು ತಿರುಗಿಸಿದ್ದರಿಂದ ಜಗತ್ತಿನಲ್ಲೆಲ್ಲ ಎದ್ದ ಅಭಾವ ಅದು. ಅದರ ಬಿಸಿ ಒಂದು ಪ್ರೌಢಶಾಲೆಯ ಕೈಚೀಲಕ್ಕೂ ತಗುಲಿತು. ಹಳೆಯ ಯಂತ್ರಗಳ ರ‍್ಯಾಮನ್ನೇ ತೆಗೆದು ಹಾಕೋಣವೆಂದರೆ ಅವು ಡಿ.ಡಿ.ಆರ್. 3ರ ಕಾಲದವು, ಹೊಸ ಫಲಕದ ಸೀಳಿಗೆ ಅವುಗಳ ಕಚ್ಚು ಕೂಡುವುದಿಲ್ಲ. ಆರು ಎಂದದ್ದು ನಾಲ್ಕಾಯಿತು. ದಾನಿಗಳು ಆಡಿಕೊಳ್ಳಲಿಲ್ಲ, ಆದರೆ ಮೊದಲು ಹೇಳಿದಂತೆ ಹತ್ತನ್ನೂ ಕೊಂಡಿದ್ದರೆ ಎಂಬ ಲೆಕ್ಕ ಇಬ್ಬರ ಮನಸ್ಸಿನಲ್ಲಿಯೂ ಇತ್ತು. ಅಗ್ಗವೆಂಬ ಕಾರಣಕ್ಕೆ ಕೂಡಿಸುವವನು ಒಂದಲ್ಲ ಒಂದು ದಿನ ಮೋಸಹೋಗುತ್ತಾನೆ; ಅಗ್ಗವು ಪೇಟೆಯ ಮಾತು.

ಉಳಿದ ಹಣಕ್ಕೆ ಒಳ್ಳೆಯ ದಾರಿ ಸಿಕ್ಕಿತು. ಹಳೆಯ ಹನ್ನೆರಡು ಯಂತ್ರಗಳಿಗೆ ತಿರುಗುವ ಹಾರ್ಡ್‌ಡಿಸ್ಕನ್ನು ತೆಗೆದು ಸಣ್ಣ ಎಸ್.ಎಸ್.ಡಿ.ಗಳನ್ನು ಹಾಕಲಾಯಿತು, ವಿಂಡೋಸ್ ತೆಗೆದು ಲಿನಕ್ಸ್ ಹಾಕಲಾಯಿತು. ಕನ್ನಡ ಗಣಕ ಪರಿಷತ್ತಿನ ಕೀಲಿಮಣೆಯ ವಿನ್ಯಾಸ ಅದರಲ್ಲಿಯೂ ದೊರೆಯುವುದರಿಂದ ಕನ್ನಡ ಬೆರಳಚ್ಚಿಗೆ ಕುಂದಾಗಲಿಲ್ಲ. ಎರಡು ಯಂತ್ರಗಳು ಏನು ಮಾಡಿದರೂ ಏಳಲಿಲ್ಲ. ಅವನ್ನು ಬಿಚ್ಚುವ ಅಭ್ಯಾಸಕ್ಕೆಂದು ಮೇಜಿನ ಮೇಲೆಯೇ ಇರಿಸಿದರು. ಮಕ್ಕಳಿಗೆ ಎಲ್ಲಕ್ಕಿಂತ ಪ್ರಿಯವಾದುವು ಆ ಎರಡೇ.

ಹೊಸ ನಾಲ್ಕನ್ನು ಕೂಡಿಸಿದುದು ಒಂದು ಶನಿವಾರ, ಬೆಳಗಿನ ತರಗತಿ ಮುಗಿದ ಮೇಲೆ. ಒಂಬತ್ತನೆಯ ತರಗತಿಯ ಹದಿನಾರು ಮಕ್ಕಳು, ಯಂತ್ರಕ್ಕೆ ನಾಲ್ವರಂತೆ. ದಾನಿಗಳೂ ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು. ಮೈಯ ಸ್ಥಿರವಿದ್ಯುತ್ತು ಬಿಲ್ಲೆಗಳನ್ನು ಕೊಲ್ಲುವುದೆಂದು ಮೊದಲು ಎಲ್ಲರೂ ಕಿಟಕಿಯ ಕಬ್ಬಿಣವನ್ನು ಮುಟ್ಟಿಬಂದರು. ಪ್ರೊಸೆಸರಿನ ಮೂಲೆಯ ಸಣ್ಣ ತ್ರಿಕೋನವನ್ನು ಕುಣಿಕೆಯ ತ್ರಿಕೋನಕ್ಕೆ ಹೊಂದಿಸಿ, ಒತ್ತದೆ, ತಾನಾಗಿ ಇಳಿಯಲು ಬಿಡುವುದು. ಬಿಸಿ ಎಳೆಯುವ ಲೇಪವನ್ನು ಕಡಲೆಕಾಳಿನಷ್ಟು ಮಾತ್ರ ಇಡುವುದು. ರ‍್ಯಾಮ್ ಪಟ್ಟಿಯನ್ನು ಎರಡು ತುದಿಯಲ್ಲಿಯೂ ಒತ್ತಿ 'ಟಿಕ್' ಎಂಬ ಸದ್ದು ಕೇಳುವವರೆಗೆ ಬಿಡದಿರುವುದು. ಆ ಸದ್ದಿಗೆ ಬೇಕಾದ ಒತ್ತಡ ಅನುಭವವಿಲ್ಲದವರಿಗೆ ಭಯ ಹುಟ್ಟಿಸುವಷ್ಟಿರುತ್ತದೆ. ಫಲಕ ಬಾಗಿದಂತೆ ಕಂಡು ಒಬ್ಬ ಹುಡುಗ ಕೈ ಹಿಂದೆಗೆದ. ಕಾರ್ಖಾನೆಯ ಯಜಮಾನರು ಬೆಂಚಿನಿಂದ ಎದ್ದು ಬಂದು, "ಒತ್ತಪ್ಪ, ಅದು ಮುರಿಯಲ್ಲ, ಕೂರುತ್ತೆ" ಎಂದರು. ಆಮೇಲೆ ಅವರು ಹಿಂದಿನ ಬೆಂಚಿಗೆ ಮರಳಲಿಲ್ಲ.

ಮೂರು ಯಂತ್ರಗಳು ಎದ್ದುವು. ನಾಲ್ಕನೆಯದರ ಫ್ಯಾನು ತಿರುಗಿತು, ತೆರೆ ಕಪ್ಪಾಗಿಯೇ ಉಳಿಯಿತು. ಮಕ್ಕಳು ಬಿಚ್ಚಿದರು, ರ‍್ಯಾಮ್ ಬದಲಿಸಿದರು, ಕೇಬಲ್ಲು ಬದಲಿಸಿದರು; ಒಂದು ಗಂಟೆ ಕಳೆಯಿತು. ಅಧ್ಯಾಪಕರಿಗೆ ಕಾರಣ ಆಗಲೇ ಕಂಡಿತ್ತು. 1999ರ ಆ ಅಂಗಡಿಯ ಹುಡುಗನಂತೆ ಅವರೂ ಸುಮ್ಮನಿದ್ದರು. ಕೊನೆಗೆ ಒಬ್ಬ ಹುಡುಗಿ ಎದ್ದಿದ್ದ ಯಂತ್ರವನ್ನು ಪಕ್ಕಕ್ಕಿಟ್ಟುಕೊಂಡು ಒಂದೊಂದೇ ತಂತಿಯನ್ನು ಬೆರಳಿನಿಂದ ಹಿಂಬಾಲಿಸುತ್ತ ಬಂದು, ಫಲಕದ ಮೇಲಿನ ಮೂಲೆಯಲ್ಲಿ ಪ್ರೊಸೆಸರಿಗೇ ವಿದ್ಯುತ್ತು ಕೊಡುವ ಎಂಟು ಪಿನ್ನಿನ ಸಂಪರ್ಕ ಖಾಲಿ ಇರುವುದನ್ನು ಕಂಡಳು. ತಂತಿ ಪೆಟ್ಟಿಗೆಯ ಹಿಂಬದಿಯಲ್ಲಿ ಮಡಚಿಕೊಂಡು ಉಳಿದಿತ್ತು.

ತೆರೆ ಬೆಳಗಿದ ಮೇಲೆ ಅವಳು ಮುಖ ತಿರುಗಿಸಿ, ಕಚೇರಿಗೆಂದು ಬಂದು ಗೋಡೆಯ ಬದಿಗೆ ಇರಿಸಿದ್ದ ನಾಲ್ಕು ಸಿದ್ಧಯಂತ್ರಗಳನ್ನು ನೋಡಿದಳು. ಅವುಗಳ ಮೇಲೆ ದಾನಿಗಳ ತಂದೆಯವರ ಹೆಸರಿನ ಚೀಟಿ ಅಂಟಿಸಿಯಾಗಿತ್ತು.

"ಸಾರ್, ಅವನ್ನೂ ಬಿಚ್ಚಿ ನೋಡಬಹುದಾ?"

"ಖಾತರಿ ಇದೆಯಮ್ಮ, ಮೂರು ವರ್ಷ ತಾಳು" ಎಂದರು ದಾನಿಗಳು.

"ಅಷ್ಟು ಹೊತ್ತಿಗೆ ನಾನು ಸೆಕೆಂಡ್ ಪಿ.ಯು.ದಲ್ಲಿರ್ತೀನಿ ಸಾರ್."

ದಾನಿಗಳು ಗುರುಗಳ ಮುಖ ನೋಡಿದರು. ಗುರುಗಳು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಉಳಿದ ತಿರುಪುಗಳನ್ನು ಎಣಿಸಿ ಡಬ್ಬಿಗೆ ಹಾಕಿರೆಂದು ಅವರು ಮಕ್ಕಳಿಗೆ ಹೇಳಿದರು. ಎಣಿಕೆಯಲ್ಲಿ ಎರಡು ಕಡಿಮೆ ಬಂದುವು.